ಭಾನುವಾರದ ಮಸಿಕುಡಿಕೆ

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಬೆಳಗಿನಿಂದ ಸಂಜೆಯವರೆಗೆ ಸಹಿ ಹಾಕುತ್ತೇನೆ. ಅದನ್ನು ಬರವಣಿಗೆ ಎನ್ನುವಂತಿಲ್ಲ. ಮೂರು ವರ್ಷದ ಹಿಂದೆ ಅಮ್ಮನ ಮನೆಗೆ, ಸಾಗರಕ್ಕೆ ಹೋದಾಗ, ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂದು ಅಮ್ಮನಿಗೆ ಒಂದು ಚೀಟಿ ಬರೆದುಕೊಟ್ಟೆ. ಕನ್ನಡಕ ಏರಿಸಿ ನೋಡಿದವಳು, "ಇದು ಯಾವ ಭಾಷೆ ಮಾರಾಯ್ತಿ?" ಎಂದಳು. ನೋಡಿದರೆ ತಲಕಟ್ಟುಗಳೆಲ್ಲ ಹಾರಿಹೋಗಿವೆ. ಪ ಯಾವುದು, ವ ಯಾವುದು ಎಂದು ನನಗೇ ತಿಳಿಯಲಿಲ್ಲ.

ಶಿವಮೊಗ್ಗಕ್ಕೆ ಮರಳಿದ ವಾರವೇ ಕಪ್ಪು ಎಬೊನೈಟಿನ ಇಂಕ್ ಪೆನ್ನೊಂದನ್ನು ಕೊಂಡೆ. ಎಬೊನೈಟ್ ಎಂದರೆ ರಬ್ಬರಿಗೆ ಗಂಧಕ ಬೆರೆಸಿ, ಕಾಯಿಸಿ ಗಟ್ಟಿ ಮಾಡಿದ ವಸ್ತು. 1930ರ ದಶಕದಲ್ಲಿ ಗಾಂಧೀಜಿಗೆ ಸ್ವದೇಶಿ ಪೆನ್ನು ಮಾಡಿಕೊಟ್ಟ ರಾಜಮಹೇಂದ್ರವರದ ರತ್ನಂ ಅವರ ಕಾಲದಿಂದ ಇಂದಿನವರೆಗೂ ಇಂಥ ಪೆನ್ನುಗಳನ್ನು ಲೇತ್ ಮೇಲೆ ಕೈಯಿಂದ ಕಡೆಯುತ್ತಾರೆ. ಅಂಗೈಯಲ್ಲಿಟ್ಟು ಉಜ್ಜಿದರೆ ಗಂಧಕದ ಸಣ್ಣ ವಾಸನೆ ಬರುತ್ತದೆ. ನನಗೆ ಅದು ಇಷ್ಟ, ಮನೆಯವರಿಗೆ ಕಷ್ಟ.

ಇದರಲ್ಲಿ ರೀಫಿಲ್ ಇಲ್ಲ. ಡ್ರಾಪರಿನಿಂದ ನೇರವಾಗಿ ಪೆನ್ನಿನ ಹೊಟ್ಟೆಗೇ ಶಾಯಿ. ಮೊದಲ ತಿಂಗಳಲ್ಲೇ ಬಸ್ ನಿಲ್ದಾಣದಲ್ಲಿ ಕುಳಿತು ಬರೆಯುವಾಗ ದಪ್ಪನೆಯ ಹನಿಯೊಂದು ಹತ್ತಿಯ ಸೀರೆಯ ಮೇಲೆ ಬಿತ್ತು. ಪೆನ್ನನ್ನು ಬೈದೆ; ತಪ್ಪು ನನ್ನದೇ ಆಗಿತ್ತು. ಶಾಯಿ ಕಡಿಮೆಯಾದಷ್ಟೂ ಒಳಗೆ ಗಾಳಿ ಹೆಚ್ಚು. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ಹೊರಗೆ ತಳ್ಳುತ್ತದೆ. ಈಗ ಮೂರನೆಯ ಒಂದು ಪಾಲು ಉಳಿದಾಗಲೇ ತುಂಬಿಸಿಬಿಡುತ್ತೇನೆ. ಪೆನ್ನಿನ ತಿರುಪಿನ ಮೇಲೆ ಚೂರು ಸಿಲಿಕೋನ್ ಗ್ರೀಸ್ ಸವರುವುದನ್ನೂ ಕಲಿತೆ.

ತೊಳೆಯುವ ಕೆಲಸ ಎರಡು ವಾರಕ್ಕೊಮ್ಮೆ, ಭಾನುವಾರ, ಎಲ್ಲರ ತಿಂಡಿಯಾದ ಮೇಲೆ. ತಣ್ಣೀರೇ ಆಗಬೇಕು; ಬಿಸಿನೀರಿಗೆ ಎಬೊನೈಟಿನ ಹೊಳಪು ಹೋಗುತ್ತದೆ. ಮೊದಲ ಲೋಟದ ನೀರು ಕಡುನೀಲಿ, ಎರಡನೆಯದು ತಿಳಿನೀಲಿ, ಐದಾರನೆಯದಕ್ಕೆ ಬರಿಯ ನೀರು. ನಿಬ್ಬನ್ನು ಕೆಳಮುಖವಾಗಿಸಿ ಹಳೆಯ ಸೀರೆಯ ತುಂಡಿನ ಮೇಲೆ ರಾತ್ರಿಯಿಡೀ ನಿಲ್ಲಿಸುತ್ತೇನೆ. ಸುಳ್ಳೇಕೆ ಹೇಳಲಿ, ಬರೆಯುವುದಕ್ಕಿಂತ ನನಗೆ ಈ ಅರ್ಧ ಗಂಟೆಯೇ ಹೆಚ್ಚು ಪ್ರಿಯ. ಆ ಹೊತ್ತಿನಲ್ಲಿ ನೀಲಿ ಬೆರಳುಗಳಿಂದ ಮೊಬೈಲ್ ಮುಟ್ಟುವಂತಿಲ್ಲ, ಯಾರೂ ನನಗೆ ಕೆಲಸ ಹೇಳುವಂತಿಲ್ಲ.

ಕಾಗದದ ವಿಷಯದಲ್ಲಿ ಸಾಕಷ್ಟು ದುಡ್ಡು ಕಳೆದೆ. ಚಿನ್ನದ ಅಂಚಿನ ಡೈರಿಯಲ್ಲಿ ಶಾಯಿ ಬೇರು ಬಿಟ್ಟಂತೆ ಹರಡಿತು. ಗುಮಾಸ್ತರು ಲೆಕ್ಕ ಬರೆಯುವ ಸಾದಾ ರಟ್ಟಿನ ಲಾಂಗ್ ಬುಕ್ಕಿನಲ್ಲಿ ಗೆರೆ ಗೆರೆಯಾಗಿ ನಿಂತಿತು. ಈಗ ಅಂಗಡಿಗೆ ಪೆನ್ನು ಒಯ್ದು, ಕೇಳಿಕೊಂಡು, ಕೊನೆಯ ಹಾಳೆಯ ಮೂಲೆಯಲ್ಲಿ 'ರಾಷ್ಟ್ರ' ಎಂದೂ 'ಕಥೆ' ಎಂದೂ ಬರೆದು ನೋಡುತ್ತೇನೆ. ಥಕಾರದ ಹೊಟ್ಟೆಯ ಚುಕ್ಕೆ ಮುಳುಗದಿದ್ದರೆ, ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳದಿದ್ದರೆ ಆ ಪುಸ್ತಕ ನನ್ನದು. ನಿಬ್ಬೂ ಸಣ್ಣದೇ ಬೇಕು. ದಪ್ಪ ನಿಬ್ಬಿನಲ್ಲಿ ಇಂಗ್ಲಿಷ್ ಚೆನ್ನಾಗಿ ಕಾಣಬಹುದು. ನಮ್ಮ ಒತ್ತುಗಳಿಗೆ ಅದು ಉಸಿರುಕಟ್ಟಿಸುತ್ತದೆ.

ದಿನವೂ ಬೆಳಿಗ್ಗೆ ಕಾಫಿಗೆ ಹಾಲು ಇಡುವ ಮೊದಲು ಹತ್ತು ನಿಮಿಷ, ಒಂದೇ ಪುಟ. ಹಿಂದಿನ ದಿನದ ಖರ್ಚು, ಯಾರೋ ಆಡಿದ ಮಾತು, ಏನಾದರೂ ಸರಿಯೇ. ಅವಸರ ಮಾಡಿದರೆ ಶಾಯಿ ನಿಬ್ಬಿಗೆ ಬರುವಷ್ಟರಲ್ಲಿ ಕೈ ಮುಂದೆ ಹೋಗಿ ತಲಕಟ್ಟು ಮತ್ತೆ ತಪ್ಪುತ್ತದೆ.

ಬುಧವಾರ ಆ ಪುಟದ ಬದಲು ಅಮ್ಮನಿಗೆ ಐವತ್ತು ಪೈಸೆಯ ಕಾರ್ಡು. ಮೊದಲ ವರ್ಷದ ಆಷಾಢದಲ್ಲಿ ಕಳಿಸಿದ ಎರಡು ಕಾರ್ಡು ತಲುಪಲೇ ಇಲ್ಲ. ಮೂರನೆಯದು ಬಂದಾಗ ವಿಳಾಸದಲ್ಲಿ ಊರಿನ ಹೆಸರಷ್ಟೇ ಉಳಿದಿತ್ತಂತೆ. ಪರಿಚಯದ ಅಂಚೆಯವರು ಊಹಿಸಿ ತಂದುಕೊಟ್ಟಿದ್ದರು. ಮಲೆನಾಡಿನ ಮಳೆಯ ಮುಂದೆ ನನ್ನ ರಾಯಲ್ ಬ್ಲೂ ಶಾಯಿ ಎಷ್ಟರದು! ಚುನಾವಣಾ ಕೆಲಸಕ್ಕೆ ಹೋದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. 1962ರಿಂದ ಮತದಾರರ ಬೆರಳಿಗೆ ಹಚ್ಚುತ್ತಿರುವ ಮೈಸೂರಿನ ಶಾಯಿ, ಅದರಲ್ಲಿನ ಸಿಲ್ವರ್ ನೈಟ್ರೇಟಿನ ದೆಸೆಯಿಂದ, ಸೋಪಿಗೂ ಜಗ್ಗುವುದಿಲ್ಲ. ಅದನ್ನು ಪೆನ್ನಿಗೆ ತುಂಬಿಸುವಂತಿಲ್ಲವಲ್ಲ. ಆದ್ದರಿಂದ ವಿಳಾಸ ಪೆನ್ಸಿಲಿನಲ್ಲಿ, ಒಕ್ಕಣೆ ಮಾತ್ರ ಶಾಯಿಯಲ್ಲಿ.

ಅಮ್ಮ ಉತ್ತರ ಬರೆಯುವುದು ಅಪರೂಪ. ಈ ಸಲ ಅಡಿಕೆ ಸುಲಿತ ಮುಗಿದ ಮೇಲೆ ಬಾಲ್ ಪೆನ್ನಿನಲ್ಲಿ ಬರೆದ ಅವಳ ಕಾರ್ಡು ಬಂತು: "ಅಕ್ಷರ ಈಗ ಪರವಾಗಿಲ್ಲ. ಮುಂದಿನ ಕಾರ್ಡಿನಲ್ಲಿ ಏನಾದರೂ ವಿಷಯವನ್ನೂ ಬರೆ."