ಗೋಣಿಚೀಲದ ಗುರುತಿನಿಂದ ಬಿಲ್ ಆಫ್ ಲೇಡಿಂಗ್‌ವರೆಗೆ

ಕುಶಾಲನಗರದಲ್ಲಿ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ರಫ್ತಿನ ಕಾಗದಪತ್ರಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ತಲಾ 60 ಕಿಲೋದ 320 ಚೀಲ, ಅಂದರೆ 19,200 ಕಿಲೋ ಕಾಫಿ ಮಂಗಳೂರಿಗೆ ಹೊರಡುವ ದಿನ ನಾನು ಮೊದಲು ಹೋಗುವುದು ಗೋದಾಮಿಗೆ. ಚೀಲದ ಮೇಲೆ ಕಪ್ಪು ಶಾಯಿಯಲ್ಲಿ ಅಚ್ಚೊತ್ತಿದ ಗುರುತನ್ನು, ಎಂದರೆ ಭಾರತದ ಸಂಕೇತವಾದ 14, ಆಮೇಲೆ ರಫ್ತುದಾರರ ಸಂಖ್ಯೆ, ಕೊನೆಗೆ ಲಾಟ್ ಸಂಖ್ಯೆ, ಇಷ್ಟನ್ನೂ ಕಣ್ಣಾರೆ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.

ಹಿಂದೆ ಹೀಗೆ ಮಾಡುತ್ತಿರಲಿಲ್ಲ. ಒಮ್ಮೆ ಪ್ಯಾಕಿಂಗ್ ಲಿಸ್ಟ್‌ನಲ್ಲಿ, ಎಂದರೆ ಕಳುಹಿಸುವ ಚೀಲಗಳ ವಿವರದ ಪಟ್ಟಿಯಲ್ಲಿ, ಲಾಟ್ ಸಂಖ್ಯೆ 27 ಎಂದಿರಬೇಕಾದಲ್ಲಿ 72 ಎಂದು ಟೈಪ್ ಮಾಡಿದೆ. ಹಡಗು ಕಂಪನಿ ಸರಕಿಗೆ ಕೊಡುವ ದಾಖಲೆಯೇ ಬಿಲ್ ಆಫ್ ಲೇಡಿಂಗ್. ನನ್ನ ಪಟ್ಟಿಯಿಂದಲೇ ಸಿದ್ಧವಾಗಿ ಬಂದ ಅದರ ಕರಡನ್ನು ಅದೇ ಪಟ್ಟಿಯ ಜೊತೆ ಹೋಲಿಸಿದ್ದರಿಂದ ಎಲ್ಲವೂ ಸರಿಯಾಗಿಯೇ ಕಂಡಿತು, ಒಪ್ಪಿಗೆ ಕೊಟ್ಟೆ. ಕಾಫಿ ಯಾವ ದೇಶದ್ದೆಂದು ಕಾಫಿ ಮಂಡಳಿ ಕೊಡುವ ಪ್ರಮಾಣಪತ್ರದಲ್ಲಿ ಮಾತ್ರ 27 ಇತ್ತು. ಕಾಗದಪತ್ರ ಸರಿಯಿದ್ದರೆ ಹಣ ಕೊಡುತ್ತೇನೆಂದು ಬ್ಯಾಂಕು ಭರವಸೆ ಕೊಡುವ ಲೆಟರ್ ಆಫ್ ಕ್ರೆಡಿಟ್ ವ್ಯವಹಾರದಲ್ಲಿ ಅದು ನೋಡುವುದು ಕಾಫಿಯನ್ನಲ್ಲ, ಕಾಗದವನ್ನು. ಒಂದಕ್ಕೊಂದು ತಾಳೆಯಾಗಲಿಲ್ಲವೆಂದು ಹಣ ತಡೆಹಿಡಿಯಿತು. ಅಷ್ಟರಲ್ಲಿ ಹಡಗು ಹೊರಟಾಗಿತ್ತು. ಬಿಲ್ ಆಫ್ ಲೇಡಿಂಗ್‌ನ ಮೂರೂ ಮೂಲಪ್ರತಿಗಳನ್ನು ಹಿಂದಿರುಗಿಸಿ ಹೊಸದಾಗಿ ಪಡೆಯುವವರೆಗೆ ಬೆಳೆಗಾರರಿಗೂ ಹಣ ಕೊಡಲಾಗಲಿಲ್ಲ. ಆ ನೋವು ಇಂದಿಗೂ ಇದೆ.

ಲಾರಿಯವರು ಕೊಡುವ ಎಲ್‌ಆರ್ (ಲಾರಿ ರಸೀದಿ) ಸರಕು ಅವರ ಕೈಸೇರಿದೆ ಎಂಬುದಕ್ಕೆ ರಸೀದಿ. ಬಿಲ್ ಆಫ್ ಲೇಡಿಂಗ್ ರಸೀದಿಯೂ ಹೌದು, ಸಾಗಣೆ ಒಪ್ಪಂದಕ್ಕೆ ಸಾಕ್ಷಿಯೂ ಹೌದು, ಸರಕಿನ ಹಕ್ಕುಪತ್ರವೂ ಹೌದು. ಮೂರರಲ್ಲಿ ಒಂದು ಮೂಲಪ್ರತಿಯನ್ನು ಒಪ್ಪಿಸಿ ಸರಕು ಬಿಡಿಸಿಕೊಂಡರೆ ಉಳಿದೆರಡಕ್ಕೆ ಬೆಲೆಯಿಲ್ಲ. ಹಡಗಿನ ಸಾಗಣೆಗೇ ಇರುವ ಇನ್ನೊಂದು ದಾಖಲೆಯಾದ ಸೀ ವೇಬಿಲ್‌ಗೆ ಹಕ್ಕುಪತ್ರದ ಗುಣವಿಲ್ಲದ ಕಾರಣ, ಪೂರ್ತಿ ಹಣ ಮೊದಲೇ ಬಂದಿದ್ದರೆ ಮಾತ್ರ ನಾನು ಅದಕ್ಕೆ ಒಪ್ಪುತ್ತೇನೆ.

ರಸ್ತೆಯಲ್ಲಿ ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್‌ನ ತೊಂದರೆ ಬೇರೆ. ಮಂಗಳೂರು 200 ಕಿಲೋಮೀಟರಿಗಿಂತ ಹತ್ತಿರವಿರುವುದರಿಂದ ಅದರ ಅವಧಿ ಒಂದೇ ದಿನ. ಸಂಪಾಜೆ ಘಾಟಿಯಲ್ಲಿ ಲಾರಿ ಕೆಟ್ಟು ಸರಕನ್ನು ಬೇರೆ ಲಾರಿಗೆ ಹಾಕಿದರೆ, ಅದು ಹೊರಡುವ ಮೊದಲೇ ಇ-ವೇ ಬಿಲ್‌ನಲ್ಲಿ ಗಾಡಿಯ ವಿವರವಿರುವ ಭಾಗ ‘ಬಿ’ಯಲ್ಲಿ ಹೊಸ ಗಾಡಿಯ ಸಂಖ್ಯೆ ಸೇರಿಸಬೇಕು. ಅದಕ್ಕೆಂದೇ ಚಾಲಕರಿಗೆ, “ಅಣ್ಣಾ, ಗಾಡಿ ಬದಲಾದರೆ ಚೀಲ ಇಳಿಸುವ ಮೊದಲು ನನಗೆ ಫೋನ್ ಮಾಡಿ” ಎಂದು ಹೇಳಿಯೇ ಕಳುಹಿಸುತ್ತೇನೆ.

ಈಗ ಬಿಲ್ ಆಫ್ ಲೇಡಿಂಗ್ ಕರಡು ಬಂದಾಗ ಪ್ಯಾಕಿಂಗ್ ಲಿಸ್ಟನ್ನು ಪಕ್ಕಕ್ಕಿಡುತ್ತೇನೆ. ಗೋದಾಮಿನಲ್ಲಿ ಬರೆದುಕೊಂಡ ಪುಸ್ತಕದಿಂದ ನಾನು ಒಂದೊಂದೇ ಅಂಕಿ ಗಟ್ಟಿಯಾಗಿ ಓದುತ್ತೇನೆ, ಸಹೋದ್ಯೋಗಿ ಕರಡಿನ ಮೇಲೆ ಬೆರಳಿಟ್ಟು ನೋಡುತ್ತಾರೆ.