ಒಂದೇ ಮರದ ಕೆಳಗೆ ಮುಕ್ಕಾಲು ಗಂಟೆ: ಲಾಲ್‌ಬಾಗಿನ ಹಕ್ಕಿ ನಡಿಗೆ, ನನ್ನ ಅನುಭವ

ಲಾಲ್‌ಬಾಗಿನಲ್ಲಿ ನಾನು ನಡೆಸುವ ಹಕ್ಕಿ ನಡಿಗೆಯಲ್ಲಿ ನಡೆಯುವುದು ತೀರಾ ಕಡಿಮೆ. ಬೆಳಿಗ್ಗೆ ಆರೂಮುಕ್ಕಾಲಿಗೆ ಗಾಜಿನ ಮನೆಯ ಮುಂದೆ ಸೇರುತ್ತೇವೆ, ಒಂಬತ್ತರ ಹೊತ್ತಿಗೆ ಕೆರೆ ದಂಡೆಯಲ್ಲಿ ಮುಗಿಸುತ್ತೇವೆ. ಸುಮ್ಮನೆ ಕಾಲು ಹಾಕಿದರೆ ಹತ್ತು ನಿಮಿಷದಲ್ಲಿ ಮುಗಿಯುವ ದಾರಿ ಅದು. ನಮಗೆ ಎರಡು ಗಂಟೆಯೂ ಸಾಲುವುದಿಲ್ಲ. 240 ಎಕರೆ ತೋಟ ಇರುವಾಗ ಇದೇನು ಒಂದೇ ಮರದ ಕೆಳಗೆ ಮುಕ್ಕಾಲು ಗಂಟೆ ನಿಲ್ಲಿಸಿಬಿಟ್ಟರಲ್ಲ ಎಂದು ಹೊಸಬರಿಗೆ ಇರಿಸುಮುರಿಸಾಗುತ್ತದೆ. ನಾನು ಈ ಒಂದು ವಿಷಯದಲ್ಲಿ ಬಗ್ಗುವುದಿಲ್ಲ. ಹದಿನೈದು ಜನ ಹಕ್ಕಿ ಹುಡುಕಿಕೊಂಡು ಹೊರಟರೆ ಕಾಣುವುದು ಹಾರಿಹೋಗುತ್ತಿರುವ ಹಕ್ಕಿಯ ಬಾಲ. ಹಣ್ಣು ಬಿಟ್ಟ ಮರದ ಕೆಳಗೆ ಅದೇ ಹದಿನೈದು ಜನ ಗಲಾಟೆ ಮಾಡದೆ ನಿಂತರೆ ಐದು ನಿಮಿಷದಲ್ಲಿ ಹಕ್ಕಿಗಳು ನಮ್ಮನ್ನು ಮರೆತು ತಮ್ಮ ಊಟಕ್ಕೆ ಇಳಿಯುತ್ತವೆ.

ಹಣ್ಣು ಬಿಟ್ಟ ಮರ ಯಾವುದೆಂದು ಮೊದಲೇ ಗೊತ್ತಿರಬೇಕು. ಭಾನುವಾರ ನಡಿಗೆ ಇದ್ದರೆ ಶುಕ್ರವಾರವೋ ಶನಿವಾರವೋ ಒಬ್ಬಳೇ ಹೋಗಿ ಒಂದು ಸುತ್ತು ಹಾಕಿಬರುತ್ತೇನೆ. ಆಗ ಮರದ ತುದಿ ನೋಡುವುದಕ್ಕಿಂತ ನೆಲ ನೋಡುತ್ತೇನೆ. ಅರ್ಧ ಕಚ್ಚಿ ಉದುರಿಸಿದ ಹಣ್ಣು, ಹಿಕ್ಕೆ, ಒಂದೆರಡು ಪುಕ್ಕ ಎಲ್ಲಿ ಹೆಚ್ಚು ಬಿದ್ದಿವೆಯೋ ಭಾನುವಾರ ನಮ್ಮ ಠಿಕಾಣಿ ಅಲ್ಲೇ. ಆಲ, ಅರಳಿ, ಅತ್ತಿ, ಗೋಣಿ, ಬಸರಿ ಎಲ್ಲ ಒಂದೇ ಬಳಗದ ಮರಗಳು. ಮಾವಿನ ಹಾಗೆ ಇವು ಊರಿಗೆಲ್ಲ ಒಂದೇ ಕಾಲಕ್ಕೆ ಹಣ್ಣು ಬಿಡುವುದಿಲ್ಲ. ಈ ಗೋಣಿಮರ ಈಗ ಬಿಟ್ಟರೆ ಆಚೆ ಬದಿಯದು ಇನ್ಯಾವಾಗಲೋ. ಇದರ ಹಿಂದೆ ಇರುವುದು ಸೊಳ್ಳೆಗಿಂತ ಸಣ್ಣದೊಂದು ಕಣಜ. ಈ ಮರಗಳ ಹೂಗಳು ನಾವು ಕಾಯಿ ಅಂದುಕೊಳ್ಳುವ ಗುಂಡಿನ ಒಳಗೇ ಅಡಗಿರುತ್ತವೆ. ಒಳಗೆ ನುಗ್ಗಿ ಪರಾಗ ಮುಟ್ಟಿಸುವುದು ಹೆಚ್ಚಾಗಿ ಆ ಜಾತಿಯ ಮರಕ್ಕೆಂದೇ ಇರುವ ಕಣಜ. ರೆಕ್ಕೆ ಬಂದ ಮೇಲೆ ಅದರ ಆಯಸ್ಸು ಒಂದೆರಡು ದಿನ. ಅಷ್ಟರಲ್ಲಿ ಅದಕ್ಕೆ ಎಳೆಗಾಯಿ ಇರುವ ಇನ್ನೊಂದು ಮರ ಸಿಗಬೇಕು. ಎಲ್ಲ ಮರಗಳೂ ಒಟ್ಟಿಗೆ ಕಾಯಿ ಬಿಟ್ಟು ಒಟ್ಟಿಗೆ ಮುಗಿಸಿದರೆ ಕಣಜದ ವಂಶ ಅಲ್ಲಿಗೇ ನಿಂತುಹೋಗುತ್ತದೆ, ಅದರ ಹಿಂದೆಯೇ ಮರದ್ದೂ. ಹೀಗೆ ಸರದಿಯ ಮೇಲೆ ಹಣ್ಣಾಗುವುದರಿಂದಲೇ ಬೇರೆ ಹಣ್ಣು ಸಿಗದ ತಿಂಗಳಲ್ಲೂ ಊರಿನ ಹಕ್ಕಿಗಳಿಗೆ ಎಲ್ಲೋ ಒಂದು ಕಡೆ ಎಲೆ ಹಾಕಿರುತ್ತದೆ. ಇದನ್ನು ಮರದ ಕೆಳಗೆ ನಿಂತು, ಉದುರಿದ ಹಣ್ಣೊಂದನ್ನು ಸೀಳಿ ತೋರಿಸುತ್ತಾ ಹೇಳಿದರೆ ಮಕ್ಕಳಿಗೆ ಪಾಠ ಅನ್ನಿಸುವುದಿಲ್ಲ.

ಮೊದಲ ಐದು ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ಕಣ್ಣು ಮುಚ್ಚಿ, ಬೇರೆ ಬೇರೆಯಾಗಿ ಕೇಳಿದ ಒಂದೊಂದು ದನಿಗೂ ಒಂದೊಂದು ಬೆರಳು ಮಡಿಸಬೇಕು. ದೊಡ್ಡವರು ಮೂರು ನಾಲ್ಕಕ್ಕೆ ನಿಲ್ಲುತ್ತಾರೆ, ಮಕ್ಕಳಿಗೆ ಎರಡು ಕೈ ಸಾಲುವುದಿಲ್ಲ. ಆ ದನಿಗಳಲ್ಲಿ ‘ಕುಟ್ರೂ ಕುಟ್ರೂ’ ಎಂದು ಒಂದೇ ಸಮನೆ ಕೂಗುವುದೊಂದು ಇದ್ದೇ ಇರುತ್ತದೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರೆಲ್ಲ ಅದನ್ನು ಕೇಳಿದ್ದಾರೆ, ಕೂಗುವ ಹಕ್ಕಿಯನ್ನು ನೋಡಿದವರು ಕಡಿಮೆ. ಅದು ಹಸಿರು ಕುಟುರ. ತಲೆ ಕಂದು, ಕೆನ್ನೆಯ ಮೇಲೆ ಬಿಳಿ ಪಟ್ಟೆ, ಉಳಿದ ಮೈಯೆಲ್ಲ ಎಲೆಯದೇ ಬಣ್ಣ. ಅಲುಗಾಡದೆ ಕೂತರೆ ಮೂರು ಮಾರು ದೂರದಲ್ಲಿದ್ದರೂ ಗೊತ್ತಾಗುವುದಿಲ್ಲ. ಹಣ್ಣು ಕೀಳಲು ಕುತ್ತಿಗೆ ಚಾಚಿದಾಗ ಸಿಕ್ಕಿಬೀಳುತ್ತದೆ. ‘ಟುಕ್ ಟುಕ್ ಟುಕ್’ ಎಂದು ತಾಮ್ರದ ಪಾತ್ರೆ ಬಡಿದಂತೆ ಕೂಗುವುದು ಅದರ ತಮ್ಮ, ಹಣೆಯ ಮೇಲೆ ಕುಂಕುಮ ಬಳಿದಂತಿರುವ ಸಣ್ಣ ಕುಟುರ. ಅದು ಎಲೆ ಉದುರಿದ ಕೊಂಬೆಯ ತುತ್ತತುದಿಯಲ್ಲಿ ಎಳೆಬಿಸಿಲಿಗೆ ಮೈಯೊಡ್ಡಿ ಕೂತಿರುತ್ತದೆ, ಹಾಗಾಗಿ ಹುಡುಕುವುದು ಸುಲಭ.

ಹಕ್ಕಿ ಕಂಡ ಕೂಡಲೇ ಹೆಸರು ಹೇಳುವುದು ನನ್ನ ಪದ್ಧತಿಯಲ್ಲ. ಹೆಸರು ಸಿಕ್ಕಿತೆಂದರೆ ಜನ ನೋಡುವುದನ್ನು ನಿಲ್ಲಿಸಿಬಿಡುತ್ತಾರೆ, ಮುಂದಿನದು ಯಾವುದು ಎಂದು ಕೇಳುತ್ತಾರೆ. ಅದಕ್ಕೇ ಮೊದಲು ನಾನು ಕೇಳುತ್ತೇನೆ: ಗುಬ್ಬಚ್ಚಿಗಿಂತ ದೊಡ್ಡದೋ, ಗೊರವಂಕದಷ್ಟಿದೆಯೋ, ಕಾಗೆಯಷ್ಟಿದೆಯೋ? ಕೊಕ್ಕು ದಪ್ಪವೋ ಸೂಜಿಯಂತಿದೆಯೋ? ಬಾಲ ಕುಣಿಸುತ್ತಿದೆಯೋ? ಹಣ್ಣು ತಿನ್ನುತ್ತಿದೆಯೋ, ಹಣ್ಣಿಗೆ ಬಂದ ಹುಳು ಹಿಡಿಯುತ್ತಿದೆಯೋ? ಒಮ್ಮೆ ಮೈತುಂಬ ಬಿಳಿ ಚುಕ್ಕೆ ಇರುವ ಕಂದು ಹಕ್ಕಿಯೊಂದನ್ನು ಎಲ್ಲರೂ ಸೇರಿ ಹತ್ತು ನಿಮಿಷ ನೋಡಿ, ಇದು ಯಾವುದೋ ಅಪರೂಪದ ಹಕ್ಕಿಯೇ ಇರಬೇಕೆಂದು ತೀರ್ಮಾನಿಸಿದರು. ಅದು ಹೆಣ್ಣು ಕೋಗಿಲೆ. ಕಪ್ಪು ಮೈ, ಕೆಂಪು ಕಣ್ಣಿನ ಗಂಡು ಪಕ್ಕದ ಕೊಂಬೆಯಲ್ಲೇ ಇತ್ತು. ಚೈತ್ರದಲ್ಲಿ ನಾವು ಕೇಳುವ ಏರುದನಿಯ ಕೂಗು ಗಂಡಿನದು ಎಂದಾಗ ಅಲ್ಲಿದ್ದ ಹಿರಿಯರೊಬ್ಬರು, "ಅರವತ್ತು ಯುಗಾದಿ ಕಳೆದಿದ್ದೀನಮ್ಮ, ಹೆಣ್ಣು ಹಿಂಗಿರುತ್ತೆ ಅಂತ ಇವತ್ತು ಗೊತ್ತಾಯ್ತು" ಅಂದರು.

ಬೈನಾಕ್ಯುಲರ್ ಬಗ್ಗೆ ಎಲ್ಲರೂ ಕೇಳುತ್ತಾರೆ. 8×42 ಸಾಕು. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಇರುವುದರಿಂದ ಮುಂಜಾನೆಯ ಮಬ್ಬಿನಲ್ಲೂ ಬೆಳಕು ಚೆನ್ನಾಗಿ ಬರುತ್ತದೆ. ಹತ್ತು ಪಟ್ಟಿನದು ಕೈ ನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಹಿಡಿಯುವ ಕ್ರಮ ಮುಖ್ಯ. ಹಕ್ಕಿಯ ಮೇಲಿಟ್ಟ ಕಣ್ಣು ತೆಗೆಯಬಾರದು, ದುರ್ಬೀನು ತಾನಾಗಿ ಕಣ್ಣಿನ ಹತ್ತಿರ ಬರಬೇಕು. ಕನ್ನಡಕದವರು ಕಣ್ಣಿಗೆ ತಾಗುವ ರಬ್ಬರ್ ಬಟ್ಟಲನ್ನು ಒಳಗೆ ತಿರುಗಿಸಿಕೊಳ್ಳಬೇಕು. ಇಷ್ಟು ಹೇಳಿಕೊಟ್ಟರೆ ಎಂಟು ವರ್ಷದ ಮಗುವಿಗೂ ಬರುತ್ತದೆ.

ನಡಿಗೆಯನ್ನು ಪೂರ್ತಿ ಕನ್ನಡದಲ್ಲೇ ನಡೆಸುತ್ತೇನೆ. ಇಂಗ್ಲಿಷ್ ಹೆಸರು ಬೇಕಾದವರಿಗೆ ಅದನ್ನೂ ಹೇಳುತ್ತೇನೆ, ಆದರೆ ಮಾತುಕತೆ ಕನ್ನಡದ್ದು. ಇದರಿಂದ ನಾನು ನಿರೀಕ್ಷಿಸದ ಲಾಭ ಆಯಿತು. ವಾಕಿಂಗಿಗೆ ಬರುವ ಅಜ್ಜಿಯರು ನಿಂತು ಕೇಳತೊಡಗಿದರು, ತೋಟದ ಕೆಲಸದವರು ಪೊರಕೆ ಹಿಡಿದೇ ಹತ್ತಿರ ಬಂದರು. ಹಾಲಕ್ಕಿಯನ್ನು ನನಗೆ ತೋರಿಸಿದ್ದು ಎಲೆ ಗುಡಿಸುವ ಹೆಂಗಸೊಬ್ಬರು. "ಅಕ್ಕಾ, ಆ ಮರದ ಪೊಟರೇಲಿ ಗೂಬೆ ಮರಿ ಮಾಡೈತೆ, ನಾನು ದಿನಾ ನೋಡ್ತೀನಿ, ನಂಗೇನೂ ಕೆಟ್ಟದಾಗಿಲ್ಲ" ಅಂದರು. ಯಾವ ಮರ ಎಂದು ಇಲ್ಲಿ ಬರೆಯುವುದಿಲ್ಲ. ಆ ಭಾನುವಾರ ಪೊಟರೆಯ ಬಾಯಲ್ಲಿ ಮುಷ್ಟಿಗಿಂತ ತುಸು ದೊಡ್ಡ ಹಕ್ಕಿ, ದುಂಡು ತಲೆ, ಹಳದಿ ಕಣ್ಣು, ನಮ್ಮನ್ನೇ ನೋಡುತ್ತಾ ತಲೆ ಮೇಲೆ ಕೆಳಗೆ ಆಡಿಸುತ್ತಿತ್ತು. ಗುಂಪಿನಲ್ಲಿದ್ದ ತಾಯಿಯೊಬ್ಬರು ಮಗುವಿನ ಕಣ್ಣು ಮುಚ್ಚಿದರು. ಗೂಬೆ ನೋಡಬಾರದು, ಮನೆಗೆ ಆಗಿಬರುವುದಿಲ್ಲ ಎಂದು. ಆಗ ಚಾಮರಾಜಪೇಟೆಯಿಂದ ಬಂದಿದ್ದ ಅಜ್ಜಿ, "ಅಯ್ಯೋ, ಇದು ಹಾಲಕ್ಕಿ ಕಣವ್ವ! ಬುಡುಬುಡಿಕೆಯವನು ಬೆಳಗಿನ ಜಾವ ಬಾಗಿಲಲ್ಲಿ ನಿಂತು ‘ಹಾಲಕ್ಕಿ ನುಡಿತೈತೆ, ಶುಭ ನುಡಿತೈತೆ’ ಅಂತಿದ್ದನಲ್ಲ, ಅದೇ ಇದು. ನಮ್ಮಮ್ಮ ಅವನಿಗೆ ಮೊರದಲ್ಲಿ ರಾಗಿ ಹಾಕ್ತಿದ್ರು" ಅಂದರು. ಆ ತಾಯಿ ಕೈ ತೆಗೆದರು. ಆಮೇಲೆ ಮಗು ದುರ್ಬೀನು ಬಿಟ್ಟುಕೊಡಲೇ ಇಲ್ಲ. ಅಪಶಕುನದ ಹೆದರಿಕೆಗೆ ನಾನು ವಿಜ್ಞಾನ ಹೇಳಿ ಹೇಳಿ ನೋಡಿದ್ದೇನೆ: ಇಲಿ, ಜೀರುಂಡೆ ತಿಂದು ನಮಗೆ ಉಪಕಾರ ಮಾಡುವ ಹಕ್ಕಿ ಅಂತೆಲ್ಲ. ಅಜ್ಜಿಯ ಒಂದು ಮಾತಿಗಿದ್ದ ಬಲ ಅದಕ್ಕಿಲ್ಲ. ಈಗ ಹಾಲಕ್ಕಿ ಕಂಡರೆ ಗುಂಪಿನ ಹಿರಿಯರತ್ತ ತಿರುಗಿ, ಬುಡುಬುಡಿಕೆಯವರನ್ನು ನೋಡಿದವರು ಯಾರಿದ್ದೀರಿ ಎಂದು ಕೇಳುತ್ತೇನೆ. ಉಳಿದದ್ದನ್ನು ಅವರೇ ನಡೆಸಿಕೊಡುತ್ತಾರೆ.

ಪ್ರತಿ ಗುಂಪಿನಲ್ಲೂ ಬರುವ ಪ್ರಶ್ನೆ ಒಂದಿದೆ: ಗುಬ್ಬಚ್ಚಿ ಎಲ್ಲಿ ಹೋದವು? ಮೊಬೈಲ್ ಟವರ್‌ನಿಂದ ಸತ್ತವಂತೆ ಎಂಬುದು ಅದರ ಬೆನ್ನಿಗೇ ಬರುತ್ತದೆ. ಸಾವಿರಾರು ಹಕ್ಕಿ ವೀಕ್ಷಕರ ಪಟ್ಟಿಗಳನ್ನು ಒಟ್ಟುಮಾಡಿ 2020ರಲ್ಲಿ ಪ್ರಕಟಿಸಿದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ, ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಚ್ಚಿ ಹೆಚ್ಚುಕಡಿಮೆ ಹಾಗೆಯೇ ಇದೆ ಎನ್ನುತ್ತದೆ. ಕಡಿಮೆಯಾಗಿರುವುದು ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ. ಟವರ್ ಕಾರಣ ಎನ್ನಲು ಗಟ್ಟಿ ಪುರಾವೆ ಇಲ್ಲ. ನಾನು ಬಂದವರನ್ನೇ ಕೇಳುತ್ತೇನೆ: ನಿಮ್ಮ ಮನೆಯಲ್ಲಿ ಹೆಂಚಿನ ಸಂದಿ ಇದೆಯೇ? ಗುಬ್ಬಿಮರಿಗೆ ಬೇಕಾದ ಹುಳುಹುಪ್ಪಟೆ ಸಿಗುವ ಬೇಲಿಗಿಡ ಇದೆಯೇ? ಅಂಗಡಿ ಮುಂದೆ ಮೂಟೆಯಿಂದ ಕಾಳು ಉದುರುತ್ತದೆಯೇ? ಅವರೇ ಒಂದೊಂದಾಗಿ ಇಲ್ಲ ಅನ್ನುತ್ತಾ ಹೋಗುತ್ತಾರೆ. ಕೆ. ಆರ್. ಮಾರುಕಟ್ಟೆಯಂಥ ಕಡೆ ಕಾಳು ಇನ್ನೂ ಚೆಲ್ಲುತ್ತದೆ, ಅಂಥಲ್ಲಿ ಒಮ್ಮೆ ಕಣ್ಣಾಡಿಸಿ ಎಂದು ಹೇಳಿ ಕಳಿಸುತ್ತೇನೆ.

ಕೆರೆಯ ಭಾಗ ಸಲೀಸು. ಹಕ್ಕಿಗಳು ಬಯಲಲ್ಲಿ ಕೂತಿರುತ್ತವೆ, ಸೂರ್ಯ ನಮ್ಮ ಬೆನ್ನಿಗೆ ಇರುವ ಕಡೆ ನಿಂತರೆ ಆಯಿತು. ಇಲ್ಲಿ ನಾನು ತೋರಿಸುವುದು ಮೀನು ಹಿಡಿಯುವ ಬಗೆಗಳನ್ನು. ನೀರುಕಾಗೆ ಮುಳುಗಿ ಅಟ್ಟಿಸಿಕೊಂಡು ಹೋಗಿ ಕೊಕ್ಕಿನ ತುದಿಯ ಕೊಂಡಿಯಿಂದ ಹಿಡಿಯುತ್ತದೆ. ಹಾವಕ್ಕಿ ಭರ್ಜಿಯಂತೆ ತಿವಿದು ಮೇಲೆ ತಂದು, ಗಾಳಿಗೆ ಎಸೆದು, ತಲೆಯ ಕಡೆಯಿಂದ ನುಂಗುತ್ತದೆ. ಹೆಜ್ಜಾರ್ಲೆ ಗಂಟಲ ಚೀಲದಲ್ಲಿ ನೀರಿನ ಸಮೇತ ಬಾಚುತ್ತದೆ. ಬಕ ಅಲುಗಾಡದೆ ನಿಲ್ಲುತ್ತದೆ. ಮಿಂಚುಳ್ಳಿ ಮೇಲಿಂದ ಬೀಳುತ್ತದೆ. ನೀರುಕಾಗೆಯೂ ಹಾವಕ್ಕಿಯೂ ಯಾಕೆ ರೆಕ್ಕೆ ಬಿಚ್ಚಿ ಬಿಸಿಲು ಕಾಯುತ್ತವೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬಾತುಕೋಳಿಯ ಪುಕ್ಕದ ಹಾಗೆ ಇವುಗಳ ಪುಕ್ಕ ನೀರನ್ನು ಜಾರಿಸುವುದಿಲ್ಲ, ನೆನೆಯುತ್ತದೆ. ನೆನೆದ ಮೈ ಮುಳುಗುವುದಕ್ಕೆ ಅನುಕೂಲ, ಹಾರಬೇಕಾದರೆ ಒಣಗಿಸಿಕೊಳ್ಳಬೇಕು. ಒಂಬತ್ತರ ಹೊತ್ತಿಗೆ ಕೆಂಪೇಗೌಡರ ಗೋಪುರ ಇರುವ ಬಂಡೆ ಕಾಯತೊಡಗುತ್ತದೆ. 300 ಕೋಟಿ ವರ್ಷ ಹಳೆಯ ಬಂಡೆ ಅದು. ಅಲ್ಲಿಂದ ಏಳುವ ಬಿಸಿಗಾಳಿ ಹಿಡಿದು ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುತ್ತವೆ. ನಡುವೆ ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆಯ ಗರುಡ ಕಂಡರೆ ಹಿರಿಯರು ಕೆನ್ನೆಗೆ ಬಡಿದುಕೊಳ್ಳುತ್ತಾರೆ.

ಕೆಲವು ವಿಷಯಗಳಲ್ಲಿ ನಾನು ಗಟ್ಟಿ. ಗೂಡಿನ ಹತ್ತಿರ ಗುಂಪು ನಿಲ್ಲಿಸುವುದಿಲ್ಲ. ಜನ ಗುಂಪುಗೂಡಿ ದಿಟ್ಟಿಸುವ ಕಡೆ ಕಾಗೆಯ ಕಣ್ಣೂ ಬೀಳುತ್ತದೆ, ನಾವು ಹೋದ ಮೇಲೆ ಮೊಟ್ಟೆ ಉಳಿಯುವುದಿಲ್ಲ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಬೇಡ. ಇನ್ನೊಂದು ಗಂಡು ತನ್ನ ಜಾಗಕ್ಕೆ ನುಗ್ಗಿತೆಂದು ಅದು ಮರಿಗೆ ಉಣಿಸುವುದನ್ನೂ ಬಿಟ್ಟು ಹುಡುಕಾಡುತ್ತದೆ. ಹಾಲಕ್ಕಿಗೆ ಫ್ಲ್ಯಾಶ್ ಹೊಡೆಯುವುದು ಬೇಡ. ಕೆರೆಗೆ ಪುರಿ, ಬಿಸ್ಕತ್ತು ಸುರಿಯುವುದು ಬೇಡ. ಪುಣ್ಯ ಬರುತ್ತದೆಂದು ಹಾಕುವವರ ಮನಸ್ಸು ನನಗೆ ಅರ್ಥವಾಗುತ್ತದೆ, ಆದರೂ ಕೊಳೆತ ಪುರಿ ನೀರನ್ನು ಕೆಡಿಸುತ್ತದೆ ಎಂದು ಕೈಮುಗಿದು ಹೇಳುತ್ತೇನೆ.

ಕೊನೆಗೆ ಕಲ್ಲುಬೆಂಚಿನ ಮೇಲೆ ಕೂತು ಪಟ್ಟಿ ಮಾಡುತ್ತೇವೆ. ಯಾವ ಹಕ್ಕಿ, ಎಷ್ಟು, ಎಷ್ಟು ಹೊತ್ತು ನೋಡಿದೆವು, ಎಷ್ಟು ದೂರ ನಡೆದೆವು. ಅದು ಹಕ್ಕಿ ವೀಕ್ಷಕರ ಪಟ್ಟಿಗಳನ್ನು ಕೂಡಿಡುವ ಇ-ಬರ್ಡ್ ಜಾಲತಾಣಕ್ಕೆ ಹೋಗುತ್ತದೆ. ಮೇಲೆ ಹೇಳಿದ ವರದಿ ತಯಾರಾದದ್ದು ಇಂಥ ಪಟ್ಟಿಗಳಿಂದಲೇ, ಆದ್ದರಿಂದ ಕಾಗೆಯನ್ನೂ ಪಾರಿವಾಳವನ್ನೂ ಬಿಡದೆ ಎಣಿಸಬೇಕು ಎನ್ನುತ್ತೇನೆ. ದನಿ ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಒಳ್ಳೆಯ ಸಾಧನ, ಆದರೆ ಅದು ಹೇಳಿತೆಂಬ ಒಂದೇ ಕಾರಣಕ್ಕೆ ಯಾವ ಹೆಸರನ್ನೂ ಬರೆಯಬಾರದು. ಹಕ್ಕಿ ಕಣ್ಣಿಗೆ ಬೀಳಬೇಕು, ಇಲ್ಲವೇ ಆ ಕೂಗು ನಮ್ಮ ಕಿವಿಗೆ ಪಳಗಿರಬೇಕು.

ನಾನು ಈ ಶಿಸ್ತನ್ನು ಕಲಿತದ್ದು ಲಾಲ್‌ಬಾಗಿನ ಎರಡನೇ ಭಾನುವಾರಗಳಲ್ಲಿ. ಬೆಂಗಳೂರಿನ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್‌ನವರು 1970ರ ದಶಕದಿಂದ ಇಟ್ಟುಕೊಂಡು ಬಂದ ಪದ್ಧತಿ ಅದು. ಅಲ್ಲಿಯ ಹಿರಿಯರು ಹೊಸಬರ ಪ್ರಶ್ನೆಗೆ ಒಮ್ಮೆಯೂ ಬೇಸರಿಸಿದ್ದನ್ನು ನಾನು ನೋಡಿಲ್ಲ.

ನಿಮ್ಮ ಬಡಾವಣೆಯ ಪಾರ್ಕಿನಲ್ಲೇ ಶುರು ಮಾಡುವ ಮನಸ್ಸಿದ್ದರೆ ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಹೊನ್ನಕ್ಕಿ, ರಾಜಹಕ್ಕಿ, ಬೂದು ಸಿಪಿಲೆಯಂಥ ಚಳಿಗಾಲದ ಅತಿಥಿಗಳು ಬಂದಿರುತ್ತವೆ. ಫೆಬ್ರವರಿಯಲ್ಲಿ ನಾಲ್ಕು ದಿನದ ಹಿತ್ತಿಲ ಹಕ್ಕಿ ಎಣಿಕೆಯೂ ಇರುತ್ತದೆ, ಮಕ್ಕಳನ್ನು ಸೇರಿಸಲು ಅದು ಒಳ್ಳೆಯ ನೆಪ. ಲಾಲ್‌ಬಾಗಿಗೇ ಬರುವುದಾದರೆ ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಟ್ಟುಬಿಡಿ. ಪಾರ್ಕಿನಲ್ಲಿ ಆಲ, ಗೋಣಿ ಇಲ್ಲದಿದ್ದರೆ ಗಸಗಸೆ ಹಣ್ಣಿನ ಮರ ಹುಡುಕಿ. ಹೆಚ್ಚುಕಡಿಮೆ ವರ್ಷವಿಡೀ ಹಣ್ಣು ಬಿಡುತ್ತದೆ, ಕೊಂಬೆಗಳು ತಗ್ಗಿನಲ್ಲಿರುತ್ತವೆ, ಹೆಬ್ಬೆಟ್ಟಿನಷ್ಟಿರುವ ಬದನಿಕೆ ಹಕ್ಕಿಯಿಂದ ಹಿಡಿದು ಪಿಕಳಾರದವರೆಗೆ ಕಣ್ಣೆತ್ತರದಲ್ಲೇ ಸಿಗುತ್ತವೆ. ಕೈಗೆಟುಕಿದ ನಾಲ್ಕು ಹಣ್ಣು ಮಕ್ಕಳಿಗೂ ಕಿತ್ತುಕೊಡಿ.