ಬೆಕ್ಕಿಗೆ ‘ಇಲಿ’ ಅಂತ ಹೆಸರಿಡಬೇಡಿ

ದಿಕ್ಕಿಲ್ಲದ ಪ್ರಾಣಿಗಳನ್ನು ನೋಡಿಕೊಳ್ಳುವ ಶೆಲ್ಟರ್‌ನಿಂದ ನಮ್ಮ ಮನೆಗೆ ಬಂದ ಮೊದಲ ಬೆಕ್ಕಿಗೆ ನಾವು ಇಟ್ಟ ಹೆಸರು ಇಲಿ. ಬೂದು ಬಣ್ಣ, ಎರಡು ಅಂಗೈ ತುಂಬುವಷ್ಟು ಮೈ, ಚೂಪು ಮೂತಿ. ಕೇಳಿದವರು ನಗಲಿ ಅಂತ ಇಟ್ಟಿದ್ದು. ನಕ್ಕರು ಕೂಡ. ಎರಡು ವಾರ ಕಳೆಯುವಷ್ಟರಲ್ಲಿ ನಮ್ಮ ನಗು ನಿಂತಿತು.

ಅವಳು ಅಡುಗೆ ಕಟ್ಟೆ ಹತ್ತುತ್ತಿದ್ದಳು. ಫ್ರಿಜ್ ಹತ್ತುತ್ತಿದ್ದಳು. ಪರದೆ ಹಿಡಿದು ಕಿಟಕಿಯ ತುದಿಗೇ ಹೋಗುತ್ತಿದ್ದಳು. ಆಗೆಲ್ಲ ನಮ್ಮ ಬಾಯಿಗೆ ಬರುತ್ತಿದ್ದ ಮಾತು ಒಂದೇ: ‘ಇಳಿ! ಕೆಳಗಿಳಿ!’ ಇಲಿ, ಇಳಿ. ನಮಗೇನೋ ಲ ಬೇರೆ, ಳ ಬೇರೆ. ಬೆಕ್ಕಿಗೆ ಯಾರು ಅಕ್ಷರಾಭ್ಯಾಸ ಮಾಡಿಸಿದ್ದಾರೆ? ದಿನಕ್ಕೆ ಎರಡು ಸಲ ಮುದ್ದಿನಿಂದ ‘ಇಲಿ’, ಇಪ್ಪತ್ತು ಸಲ ಗದರಿಸಿಕೊಂಡು ‘ಇಳಿ’. ಕೊನೆಗೆ ಊಟದ ತಟ್ಟೆ ಹಿಡಿದು ಕರೆದರೂ ಕಿವಿ ಹಿಂದಕ್ಕೆ ಮಡಚಿಕೊಂಡು ಮಂಚದ ಕೆಳಗೆ ಸೇರಿಕೊಳ್ಳತೊಡಗಿದಳು.

ಆಮೇಲೆ ಇನ್ನೂ ಇಬ್ಬರು ಬಂದರು. ಮೂವರದ್ದೂ ಬೇರೆ ಬೇರೆ ಕಥೆ. ಒಬ್ಬಳ ಹೆಸರನ್ನು ಪೂರ್ತಿ ಬದಲಿಸಬೇಕಾಯಿತು, ಒಬ್ಬನದ್ದು ಒಂದಕ್ಷರ ಮಾತ್ರ, ಇನ್ನೊಬ್ಬನದ್ದು ಇದ್ದ ಹಾಗೇ ಬಿಟ್ಟೆವು. ನೀವೂ ಒಂದು ಬೆಕ್ಕನ್ನು ಮನೆಗೆ ತಂದು ಹೆಸರಿಗೆ ತಡಕಾಡುತ್ತಿದ್ದರೆ ನಾನು ಬಿದ್ದ ಹಳ್ಳಕ್ಕೆ ಬೀಳಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಬಂದ ದಿನವೇ ಬೇಡ

ಶೆಲ್ಟರ್‌ನವರು ‘ಮೂರು-ಮೂರು-ಮೂರು’ ಅಂತ ಒಂದು ಅಂದಾಜು ಹೇಳುತ್ತಾರೆ. ಮೊದಲ 3 ದಿನ ಹೆದರಿಕೆ, 3 ವಾರಕ್ಕೆ ಮನೆಯ ರೂಢಿ, 3 ತಿಂಗಳಿಗೆ ‘ಇದು ನನ್ನ ಜಾಗ’ ಅನ್ನುವ ಧೈರ್ಯ. ಕೆಲವು ಬೆಕ್ಕು ಮೊದಲ ಸಂಜೆಯೇ ತೊಡೆ ಏರುತ್ತವೆ, ಅದು ಬೇರೆ ಮಾತು. ಆದರೆ ಹೆದರಿ ಮುದುಡಿ ಕೂತ ಪ್ರಾಣಿಯನ್ನು ನೋಡಿ ಹೆಸರಿಟ್ಟರೆ ಆ ಹೆಸರು ಅದರ ಹೆದರಿಕೆಗೆ ಇಟ್ಟ ಹಾಗೆ. ನಮ್ಮ ಕರಿ ಗಂಡು ಬೆಕ್ಕು ನಾಲ್ಕು ದಿನ ಬೀರುವಿನ ಹಿಂದೆಯೇ ಇತ್ತು. ಕಾಣುತ್ತಿದ್ದದ್ದು ಬಾಲದ ತುದಿ ಮಾತ್ರ. ಐದನೇ ದಿನ ಹೊರಗೆ ಬಂದು, ಮುಂಗಾಲು ಚಾಚಿ ಮೈ ಮುರಿದಾಗಲೇ ಗೊತ್ತಾಗಿದ್ದು, ಸೊಂಟದ ಸುತ್ತ ಎರಡು ಬೆರಳು ಅಗಲದ ಬಿಳಿ ಪಟ್ಟಿ ಇದೆ ಅಂತ. ಅವನ ಹೆಸರು ಅಲ್ಲಿಂದಲೇ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಅಲ್ಲಿಯವರೆಗೆ ‘ಪುಟ್ಟ’, ‘ಮರಿ’ ಅಂದುಕೊಂಡಿರಿ. ಏನೂ ನಷ್ಟವಿಲ್ಲ.

ಹಳೆ ಹೆಸರು ಅದಕ್ಕೆ ಗೊತ್ತಾ?

ಇದನ್ನು ಮೊದಲು ತಿಳಿದುಕೊಳ್ಳಬೇಕು. ಶೆಲ್ಟರ್‌ನವರನ್ನೇ ಕೇಳಿ: ಈ ಹೆಸರು ಇಟ್ಟಿದ್ದು ನೀವಾ, ಮೊದಲು ಸಾಕಿದವರಾ? ಬೀದಿಯಲ್ಲಿ ಸಿಕ್ಕ ಮರಿಗಳಿಗೆ ಅವತ್ತು ಡ್ಯೂಟಿಯಲ್ಲಿ ಇದ್ದವರು ತೋಚಿದ್ದನ್ನು ಬರೆದು ಗೂಡಿಗೆ ಚೀಟಿ ತೂಗುಹಾಕಿರುತ್ತಾರೆ. ಒಂದೇ ಸಲ ಐದು ಮರಿ ಬಂದರೆ ಐದಕ್ಕೂ ಹೂವಿನ ಹೆಸರು. ಆ ಮರಿ ತನ್ನ ಹೆಸರನ್ನು ಸರಿಯಾಗಿ ಹತ್ತು ಸಲ ಕೇಳಿರುವುದೂ ಕಷ್ಟ. ಅಂಥದ್ದನ್ನು ಯೋಚಿಸದೆ ಬದಲಿಸಿ. ಆದರೆ ಯಾರೋ ವರ್ಷಗಟ್ಟಲೆ ಸಾಕಿ, ಆಮೇಲೆ ಬಿಟ್ಟುಹೋದ ಬೆಕ್ಕಿನ ವಿಷಯ ಹಾಗಲ್ಲ. ಮನೆ, ಮಂಚ, ಪರಿಚಯದ ದನಿ ಎಲ್ಲ ಕಳೆದುಕೊಂಡು ಬಂದಿರುವ ಅದಕ್ಕೆ ಉಳಿದಿರುವ ಹಳೆ ಸಾಮಾನು ಆ ಹೆಸರೊಂದೇ ಇರಬಹುದು.

ಗೊತ್ತಿದೆಯೋ ಇಲ್ಲವೋ ಅಂತ ಮನೆಯಲ್ಲೇ ನೋಡಬಹುದು. 2019ರಲ್ಲಿ ಟೋಕಿಯೋದ ಸೋಫಿಯಾ ವಿಶ್ವವಿದ್ಯಾಲಯದ ಅತ್ಸುಕೋ ಸೈಟೋ ಮತ್ತು ಜೊತೆಯವರು 78 ಬೆಕ್ಕುಗಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಬೆಕ್ಕಿನ ಹೆಸರಿನಷ್ಟೇ ಉದ್ದದ ನಾಲ್ಕು ಬೇರೆ ಪದಗಳನ್ನು ಒಂದೇ ಧಾಟಿಯಲ್ಲಿ ಕೇಳಿಸಿ, ಐದನೆಯದಾಗಿ ಬೆಕ್ಕಿನ ಹೆಸರು ಕೇಳಿಸಿದರು. ಪದ ಪದಕ್ಕೂ ಬೆಕ್ಕಿನ ಆಸಕ್ತಿ ಇಳಿಯುತ್ತಾ ಹೋಗಿ, ಹೆಸರು ಬಂದಾಗ ಮತ್ತೆ ಏರಿತು. ಎದ್ದು ಓಡಿ ಬಂದವು ಅಂತಲ್ಲ. ಹೆಚ್ಚಿನವು ಕಿವಿ ತಿರುಗಿಸಿದವು, ತಲೆ ಆಡಿಸಿದವು, ಅಷ್ಟೆ. ಬೆಕ್ಕು ಸಾಕಿದವರಿಗೆ ಇದು ಹೊಸದೇನಲ್ಲ. ಕೇಳಿಸಿರುತ್ತದೆ, ಬರುವುದಿಲ್ಲ.

ನಾನೂ ಹಾಗೇ ಮಾಡಿದೆ. ಕರಿ ಬೆಕ್ಕಿನ ಚೀಟಿಯಲ್ಲಿದ್ದ ಹೆಸರು ಬಾಬು. ಅದು ಎಚ್ಚರವಾಗಿ, ಆದರೆ ಆರಾಮಾಗಿ ಮಲಗಿದ್ದಾಗ ಅದರ ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಕೂತೆ. ಪುಸ್ತಕ ಓದುವ ದನಿಯಲ್ಲಿ ‘ಚಾಪೆ’ ಅಂದೆ. ಎರಡೂ ಕಿವಿ ಹಿಂದಕ್ಕೆ ತಿರುಗಿದವು. ಸ್ವಲ್ಪ ಬಿಟ್ಟು ‘ಗೋಡೆ’. ಒಂದೇ ಕಿವಿ. ‘ಚೊಂಬು’. ಕಿವಿಯ ತುದಿ ಅಲುಗಿತು, ಅಷ್ಟೆ. ‘ಕುರ್ಚಿ’. ಏನೂ ಇಲ್ಲ, ಇವಳಿಗೇನೋ ಆಗಿದೆ ಅನ್ನುವ ಹಾಗೆ. ಆಮೇಲೆ ಅದೇ ದನಿಯಲ್ಲಿ ‘ಬಾಬು’. ಎಡ ಕಿವಿ ಪೂರ್ತಿ ನನ್ನ ಕಡೆ ತಿರುಗಿ ನಿಂತಿತು, ಬಾಲದ ತುದಿ ನೆಲಕ್ಕೆ ಒಮ್ಮೆ ತಟ್ಟಿತು. ಪದ ಬದಲಿಸಿ ಮೂರು ದಿನ ನೋಡಿದೆ. ಪ್ರತಿ ಸಲವೂ ಹಾಗೇ. ಅವನಿಗೆ ತನ್ನ ಹೆಸರು ಚೆನ್ನಾಗಿ ಗೊತ್ತಿತ್ತು.

ಯಾವ ಸದ್ದಿಗೂ, ಹಿಂದೆ ಕೀಲಿಕೈ ಗೊಂಚಲು ಬಿದ್ದರೂ, ಕಿವಿ ಅಲ್ಲಾಡದಿದ್ದರೆ ಡಾಕ್ಟರಿಗೆ ತೋರಿಸಿ. ನೀಲಿ ಕಣ್ಣಿನ ಬಿಳಿ ಬೆಕ್ಕುಗಳಲ್ಲಿ ಹುಟ್ಟು ಕಿವುಡು ಜಾಸ್ತಿ. ಅವಕ್ಕೆ ಹೆಸರಿನ ಬದಲು ಒಂದು ಕೈ ಸನ್ನೆ ಕಲಿಸಬಹುದು.

ಹೊಸದನ್ನು ಆರಿಸುವುದು

ಮೊದಲು ಒಂದು ಹಾಳೆಯನ್ನು ಫ್ರಿಜ್‌ಗೆ ಅಂಟಿಸಿ. ಒಂದು ದಿನದಲ್ಲಿ ಮನೆಯವರು ಬೆಕ್ಕಿಗೆ, ಮಕ್ಕಳಿಗೆ, ಒಬ್ಬರಿಗೊಬ್ಬರು ಕೂಗಿ ಹೇಳುವ ಮಾತೆಲ್ಲ ಅದರಲ್ಲಿ ಬರೆಯಿರಿ. ನಮ್ಮ ಹಾಳೆಯಲ್ಲಿ ಬಂದದ್ದು: ಇಳಿ, ಬಿಡು, ಬೇಡ, ಛೀ, ಹೋಗು, ಏಯ್. ‘ಏಯ್’ ಹದಿನೇಳು ಸಲ. ಈ ಪದಗಳಿಗೆ ಹತ್ತಿರ ಬರುವ ಯಾವ ಹೆಸರೂ ಬೇಡ. ನನ್ನ ಮಗ ಆಸೆಪಟ್ಟು ಹೇಳಿದ ‘ಬಿಲ್ಲು’ ಅನ್ನು ‘ಬಿಡು’ ನುಂಗಿ ಹಾಕಿತು. ಇಲಿ ಬರುವ ಮುಂಚೆ ಈ ಹಾಳೆ ಇದ್ದಿದ್ದರೆ ಅವಳು ಇಲಿ ಆಗುತ್ತಲೇ ಇರಲಿಲ್ಲ.

ಎರಡಕ್ಷರ ಸಾಕು. ಸ್ವರದಲ್ಲಿ ಮುಗಿದರೆ ಇನ್ನೂ ಒಳ್ಳೆಯದು. ನಾವು ಕನ್ನಡದಲ್ಲಿ ಯಾರನ್ನಾದರೂ ಕೂಗುವಾಗ ಕೊನೆಯ ಸ್ವರವನ್ನು ಎಳೆಯುತ್ತೇವೆ, ಅಲ್ವಾ? ರಾಣಿ ಹೋಗಿ ‘ರಾಣೀ’ ಆಗುತ್ತದೆ, ಆದರೂ ಸದ್ದು ಅದೇ. ‘ಆಸ್ಕರ್’ ಅಂತ ಇಟ್ಟು ನೋಡಿ. ಮಗ ‘ಆಸ್ಕರ್’ ಅಂತಾನೆ, ನಮ್ಮ ಅತ್ತೆ ‘ಆಸ್ಕರೂ’ ಅಂತಾರೆ, ಅವಸರದಲ್ಲಿ ನಾನು ‘ಆಸ್ಕಾ’ ಅಂತೀನಿ. ಬೆಕ್ಕು ಯಾವುದನ್ನು ಕಲಿಯಬೇಕು?

‘ಬೆಕ್ಕಿಗೆ ಕೀಚು ದನಿಯ ಹೆಸರೇ ಕೇಳಿಸುವುದು’ ಅಂತ ಒಬ್ಬರು ನನಗೆ ಬಹಳ ಗಂಭೀರವಾಗಿ ಹೇಳಿದ್ದರು. ಸದ್ದು ಎಷ್ಟು ಕೀಚು ಅನ್ನುವುದನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ, ಅಂಕಿ ಏರಿದಷ್ಟೂ ಕೀಚು. ನಮ್ಮ ಕಿವಿ 20,000 ಹರ್ಟ್ಸ್ ತನಕ ಕೇಳಿದರೆ ಬೆಕ್ಕಿನದು ಸುಮಾರು 85,000 ತನಕ ಕೇಳುತ್ತದೆ. ಕೆಳಗಿನ ತುದಿಯಲ್ಲಿ ಸುಮಾರು 48 ಹರ್ಟ್ಸ್ ಸಾಕು. ಅಂದರೆ ನಮ್ಮ ಗಂಟಲಿನಿಂದ ಬರುವ ಮಾತೆಲ್ಲ ಅದಕ್ಕೆ ಕೇಳಿಸುತ್ತದೆ. ಹೆಸರಿಗಾಗಿ ಕೀಚಲು ದನಿ ಮಾಡಬೇಕಿಲ್ಲ.

ಆರಿಸಿದ ಹೆಸರನ್ನು ಒಮ್ಮೆ ಕಿಟಕಿ ತೆರೆದು ಜೋರಾಗಿ ಕೂಗಿ. ನಾಚಿಕೆಯಾದರೆ ಬಿಟ್ಟುಬಿಡಿ. ರಾತ್ರಿ ಬೆಕ್ಕು ಹೊರಗೆ ತಪ್ಪಿಸಿಕೊಂಡರೆ ಟಾರ್ಚ್ ಹಿಡಿದು ನೀವು ಕೂಗಬೇಕಾದದ್ದು ಇದನ್ನೇ. ಮೂರು ಕಾಲಿನ ಬೆಕ್ಕಿಗೆ ಕುಂಟ ಅಂತ ಇಡುವುದು ನನಗೆ ಸೇರುವುದಿಲ್ಲ. ‘ಕಳ್ಳ’ ಪರವಾಗಿಲ್ಲ, ಆದರೆ ಅದು ಎಲ್ಲ ಬೆಕ್ಕಿಗೂ ಹೊಂದುತ್ತದೆ.

ಗಂಡೋ ಹೆಣ್ಣೋ ಅನ್ನುವುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಮೂರನೆಯವನು ಕೇಸರಿ ಬಣ್ಣದ ಮರಿ. ಶೆಲ್ಟರ್ ಚೀಟಿಯಲ್ಲಿ ‘ರಾಣಿ, ಹೆಣ್ಣು’ ಅಂತಿತ್ತು. ಮರಿ ಆಗದಂತೆ ಮಾಡಿಸುವ ಆಪರೇಷನ್‌ಗೆ ಕರೆದುಕೊಂಡು ಹೋದಾಗ ಡಾಕ್ಟರು ಬಾಲ ಎತ್ತಿ ನೋಡಿ, ‘ಇದು ರಾಣಿ ಅಲ್ಲಮ್ಮಾ, ರಾಜ’ ಅಂದರು. ಮರಿಗಳಲ್ಲಿ ಈ ಗೊಂದಲ ಸಾಮಾನ್ಯ. ಕೇಸರಿ ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಿಗೆ ಎಕ್ಸ್ ಒಂದೇ, ಹಾಗಾಗಿ ಆ ಜೀನ್ ಒಂದು ಸಾಕು. ಹೆಣ್ಣಿಗೆ ಎಕ್ಸ್ ಎರಡು, ಎರಡರಲ್ಲೂ ಬೇಕು. ಹಾಗಾಗಿ ಕೇಸರಿ ಬೆಕ್ಕುಗಳಲ್ಲಿ ಐದರಲ್ಲಿ ನಾಲ್ಕು ಗಂಡು. ಕಪ್ಪು, ಕೇಸರಿ, ಬಿಳಿ ಮೂರೂ ಸೇರಿದ್ದರೆ ಹೆಚ್ಚುಕಡಿಮೆ ಯಾವಾಗಲೂ ಹೆಣ್ಣು. ಅಷ್ಟರಲ್ಲಿ ಅವನು ‘ರಾಣಿ’ ಅಂದರೆ ಓಡಿ ಬರುವುದನ್ನು ಕಲಿತಿದ್ದ. ‘ನಮ್ಮ ರಾಣಿ ಅವನು’ ಅಂತಲೇ ಮಗ ಎಲ್ಲರಿಗೂ ಪರಿಚಯ ಮಾಡಿಸುತ್ತಾನೆ.

ಬಾಬು ಡಾಬು ಆದದ್ದು

ಬಾಬು ಒಳ್ಳೆಯ ಹೆಸರೇ. ‘ಬಾ’ ಅದರಲ್ಲೇ ಇದೆ. ತೊಂದರೆ ಏನೆಂದರೆ ನಮ್ಮ ಅತ್ತೆಯ ತಮ್ಮನ ಹೆಸರೂ ಬಾಬು. ತಿಂಗಳಿಗೊಮ್ಮೆ ಬಂದು ನಾಲ್ಕು ದಿನ ಇದ್ದು ಹೋಗುತ್ತಾರೆ. ಒಂದು ಬೆಳಿಗ್ಗೆ ನಾನು ಹಾಲ್‌ನಲ್ಲಿ ‘ಬಾಬೂ, ಸೋಫಾ ಮೇಲೆ ವಾಂತಿ ಮಾಡಿದ್ದೀಯಾ?’ ಅಂತ ಕೂಗಿದಾಗ ಬಚ್ಚಲಿನಿಂದ ಬಾಬು ಮಾವ ‘ನಾನಲ್ಲಮ್ಮಾ’ ಅಂದರು. ಅತ್ತೆ ಒಂದು ಮಾತೂ ಆಡದೆ ನನ್ನನ್ನೇ ನೋಡಿದರು.

ಗೊತ್ತಿರುವ ಹೆಸರನ್ನು ಬದಲಿಸಬೇಕಾದರೆ ಸದ್ದಿನಲ್ಲಿ ಅದರ ಪಕ್ಕದಲ್ಲೇ ಇರುವುದನ್ನು ಹುಡುಕಿ. ಸ್ವರಗಳು ಅವೇ ಇರಲಿ, ಒಂದು ವ್ಯಂಜನ ಮಾತ್ರ ಬದಲಾಗಲಿ. ಸಾಬು, ಗಾಬು, ಕಾಬು ಅಂತ ಒದರಿಕೊಂಡು ಓಡಾಡುತ್ತಿದ್ದಾಗ ಅತ್ತೆಯೇ ಅಂದರು: ‘ಸೊಂಟಕ್ಕೆ ಬೆಳ್ಳಿ ಡಾಬು ಕಟ್ಟಿಕೊಂಡ ಹಾಗಿದೆ ನೋಡೇ ಅದು.’ ಮುಗಿಯಿತು.

ಮೊದಲ ವಾರ ಎರಡನ್ನೂ ಸೇರಿಸಿ ‘ಬಾಬು-ಡಾಬು’, ತಕ್ಷಣ ಒಂದು ಟ್ರೀಟ್. ಎರಡನೇ ವಾರ ‘ಡಾಬು’ ಜೋರಾಗಿ, ‘ಬಾಬು’ ಆಮೇಲೆ ಮೆಲ್ಲಗೆ. ಮೂರನೇ ವಾರ ‘ಡಾಬು’ ಒಂದೇ. ಅವನು ಕಿವಿ ತಿರುಗಿಸುವುದನ್ನು ಒಂದು ದಿನವೂ ನಿಲ್ಲಿಸಲಿಲ್ಲ.

ಇಲಿಗೆ ಹೀಗೆ ಮಾಡಲಿಲ್ಲ. ಅವಳ ಹೆಸರು ಆಗಲೇ ಬೈಗುಳವಾಗಿತ್ತು. ಅದಕ್ಕೆ ಹೊಸದನ್ನು ಜೋಡಿಸಿದರೆ ಹೊಸದೂ ಕೆಡುತ್ತದೆ. ಅವಳಿಗೆ ಎಲ್ಲೂ ಹೋಲದ ಸದ್ದು ಬೇಕಿತ್ತು. ಚುಮುಚುಮು ಬೆಳಕಾಗುವ ಹೊತ್ತಿಗೆ ಎದೆ ಮೇಲೆ ಕೂತು ಮೂಗು ನೆಕ್ಕಿ ಎಬ್ಬಿಸುತ್ತಾಳೆ, ಹಾಗಾಗಿ ಚುಮು. ಹಿಂದೆ ಮನೆಯಲ್ಲಿದ್ದು ಶೆಲ್ಟರ್ ಸೇರಿದ ಬೆಕ್ಕು ತನ್ನ ಹೆಸರು ಕೇಳಿದರೇ ಅಡಗಿಕೊಂಡರೆ ನೀವೂ ಇದೇ ದಾರಿ ಹಿಡಿಯಿರಿ.

ಕಲಿಸುವುದು

ಹೆಸರು ಒಂದೇ ಸಲ ಹೇಳಿ. ಒಂದೆರಡು ಸೆಕೆಂಡಿನೊಳಗೆ ಇಷ್ಟದ ತಿನಿಸಿನ ಒಂದು ಚೂರು ಬಾಯಿಗೆ ಬೀಳಬೇಕು. ಐದಾರು ಸಲ ಆದರೆ ಸಾಕು, ದಿನಕ್ಕೆ ಎರಡು ಹೊತ್ತು, ಹಸಿವಿರುವಾಗ. ಮೊದಲು ಕೈಗೆಟಕುವ ದೂರದಿಂದ, ಆಮೇಲೆ ಕೋಣೆಯ ಆ ತುದಿಯಿಂದ, ಕೊನೆಗೆ ಪಕ್ಕದ ಕೋಣೆಯಿಂದ. ‘ಚುಮು ಚುಮು ಚುಮು ಚುಮು’ ಅಂತ ಜಪ ಮಾಡಬೇಡಿ, ಅದು ಫ್ಯಾನ್ ಸದ್ದಿನ ಹಾಗೆ ಆಗಿಬಿಡುತ್ತದೆ.

ಮಾತ್ರೆ ಹಾಕಲು, ಉಗುರು ಕತ್ತರಿಸಲು, ಡಾಕ್ಟರ ಹತ್ತಿರ ಒಯ್ಯುವ ಬುಟ್ಟಿಗೆ ತುಂಬಲು ಹೆಸರು ಹಿಡಿದು ಕರೆಯಲೇಬಾರದು. ಸುಮ್ನೆ ಹೋಗಿ ಎತ್ತಿಕೊಂಡು ಬನ್ನಿ. ಬೈಯಲೇಬೇಕು ಅನಿಸಿದರೆ ಹೆಸರಿಲ್ಲದೆ ಬೈಯಿರಿ. ಇದು ಹೇಳುವಷ್ಟು ಸುಲಭವಲ್ಲ. ನಾಲಿಗೆಗೆ ಹೆಸರೇ ಮೊದಲು ಬರುತ್ತದೆ. ನಾನು ಈಗಲೂ ತಿಂಗಳಿಗೊಮ್ಮೆ ತಪ್ಪುತ್ತೇನೆ.

ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಬೆಕ್ಕಿದ್ದರೆ ಇನ್ನೊಂದು ಕೆಲಸ ಇದೆ. ಅದೇ ಜಪಾನಿನ ಅಧ್ಯಯನದಲ್ಲಿ, ತುಂಬ ಬೆಕ್ಕುಗಳಿರುವ ಕೆಫೆಯ ಬೆಕ್ಕುಗಳು ತಮ್ಮ ಹೆಸರನ್ನೂ ಜೊತೆಯ ಬೆಕ್ಕುಗಳ ಹೆಸರನ್ನೂ ಬೇರೆ ಮಾಡಿ ಗುರುತಿಸಿದಂತೆ ಕಾಣಲಿಲ್ಲ. ಎಲ್ಲರನ್ನೂ ಒಟ್ಟಿಗೆ ಕರೆದು ಒಟ್ಟಿಗೆ ಕೊಟ್ಟರೆ ಮತ್ತೇನಾಗುತ್ತದೆ? ನಾನು ಊಟದ ಹೊತ್ತಿಗೆ ಒಂದೊಂದೇ ಹೆಸರು ಕರೆದು, ಆ ಹೆಸರಿನ ಬೆಕ್ಕಿನ ಮುಂದೆ ಮಾತ್ರ ತಟ್ಟೆ ಇಡುತ್ತೇನೆ. ಅತ್ತೆ ಮಾತ್ರ ಮೂವರನ್ನೂ ‘ಮರಿ’ ಅಂತಲೇ ಕರೆಯುತ್ತಾರೆ, ಮೂವರೂ ಬರುತ್ತಾರೆ. ಡಬ್ಬಿ ಇರುವುದು ಅವರ ಕೈಯಲ್ಲಿ.

ಕೊನೆಯದು ಕಾಗದದ ಕೆಲಸ. ಬೆಕ್ಕಿಗೆ ಮೈಕ್ರೋಚಿಪ್ (ಚರ್ಮದ ಕೆಳಗೆ ಕೂರಿಸುವ ಪುಟ್ಟ ಗುರುತಿನ ಚಿಪ್) ಹಾಕಿಸಿದ್ದರೆ ಚಿಪ್‌ನೊಳಗೆ ಹೆಸರು ಇರುವುದಿಲ್ಲ, ಒಂದು ನಂಬರ್ ಮಾತ್ರ, ಸಾಮಾನ್ಯವಾಗಿ 15 ಅಂಕಿಯದು. ಹೆಸರು, ನಿಮ್ಮ ಫೋನ್ ನಂಬರ್ ಎಲ್ಲ ಇರುವುದು ನೋಂದಣಿ ದಾಖಲೆಯಲ್ಲಿ. ಅದನ್ನು ನಿಮ್ಮ ಹೆಸರಿಗೆ ಮಾಡಿಸುವಾಗಲೇ ಬೆಕ್ಕಿನ ಹೊಸ ಹೆಸರನ್ನೂ ಸೇರಿಸಿ. ಲಸಿಕೆ ಪುಸ್ತಕದಲ್ಲಿ ಹಳೆ ಹೆಸರನ್ನು ಹೊಡೆದು ಹಾಕಬೇಡಿ. ಒಮ್ಮೆ ಡಾಬುವಿಗೆ ಜ್ವರ ಬಂದು ಕ್ಲಿನಿಕ್‌ಗೆ ಫೋನ್ ಮಾಡಿದರೆ, ಆ ಹೆಸರಿನ ಬೆಕ್ಕೇ ನಮ್ಮಲ್ಲಿ ಇಲ್ಲ ಅಂದುಬಿಟ್ಟರು. ಕಾಲು ಗಂಟೆ ಹುಡುಕಾಟ. ಈಗ ಅವನ ಪುಸ್ತಕದ ಮೇಲೆ, ಜಮೀನು ಪತ್ರದಲ್ಲಿ ಬರೆಯುವ ಹಾಗೆ, ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ: ಬಾಬು ಉರುಫ್ ಡಾಬು.